ಏಣಿಯ ಮೇಲಿಂದ ಕಂಡದ್ದು

ಬೆಟ್ಟಕ್ಕೆ ಬೆಂಕಿ ಬಿದ್ದ ದಿನ ಗಾಜಪ್ಪ ಶಾಲೆಯ ಮಹಡಿಯ ಕಿಟಕಿಗೆ ಗಾಜು ಕೂರಿಸುತ್ತಿದ್ದ. ಅವನ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿತ್ತೇನೋ. ಊರಿನಲ್ಲಿ ಗಾಜಿನ ಕೆಲಸ ಬಲ್ಲವನು ಅವನೊಬ್ಬನೇ ಆದ್ದರಿಂದ ಎಲ್ಲರ ಬಾಯಲ್ಲೂ ಅವನು ಗಾಜಪ್ಪ.

ಬೆಟ್ಟದ ಆಚೆಗಿನ ವಾಯುನೆಲೆಯಿಂದ ಯುದ್ಧವಿಮಾನಗಳು ಹಾರಿ ಬರುವುದು ಹೊಸದೇನಲ್ಲ. ಆದರೆ ಅವತ್ತು ಒಂದು ವಿಮಾನ ಮುಂದೆ ಹೋದದ್ದು ತಿರುಗಿ ಬಂತು. ಶಾಲೆಯ ಮಾಡನ್ನು ಸವರಿಕೊಂಡೇ ಹೋಯಿತೇನೋ ಅನ್ನುವಷ್ಟು ಕೆಳಗೆ ಹಾರಿತು. ಏಣಿ ಗಡಗಡ ನಡುಗಿತು. ಗಾಜಪ್ಪ ಕೈಯಲ್ಲಿದ್ದ ಗಾಜನ್ನು ಎದೆಗವಚಿಕೊಂಡು, ಗೋಡೆಗೆ ಮುಖ ಒತ್ತಿ ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಆ ಗಾಜಿನೊಳಗೆ ಕೆಂಪಗೆ ಏನೋ ಮಿಂಚಿ ಮಾಯವಾಯಿತು. ಇಳಿದು ತಿರುಗಿ ನೋಡಿದರೆ ಬೆಟ್ಟದ ಬೆನ್ನಿನಿಂದ ಹೊಗೆ ಏಳುತ್ತಿತ್ತು.

ಗಾಳಿ ಜೋರಿತ್ತು. ಸಂಜೆಯಾಗುವಷ್ಟರಲ್ಲಿ ಬೆಟ್ಟದ ಮೇಲಿನ ಮನೆಗಳು, ಮರದ ಮಿಲ್ಲು, ಕುರಿದೊಡ್ಡಿ ಎಲ್ಲ ಬೂದಿಯಾದವು. ಜನ ಉಳಿದರು, ಅಷ್ಟೇ ಪುಣ್ಯ. ಮನೆ ಕಳೆದುಕೊಂಡವರು ಶಾಲೆಯ ಸಭಾಂಗಣದಲ್ಲಿ ಕಂಬಳಿ ಹಾಸಿಕೊಂಡು ಕೂತರು. ಅಲ್ಲಿ ಮಾತಿಗೆ ಬೇರೆ ವಿಷಯವೇ ಇರಲಿಲ್ಲ.

"ಅವರೇ ಏನೋ ಹಾಕಿರ್ತಾರೆ. ಬೆಂಕಿ ಉಂಡೆ ಬಿಟ್ಟು ಪ್ರಾಕ್ಟೀಸ್ ಮಾಡ್ತಾರಂತಲ್ಲ," ಎಂದರು ಮಿಲ್ಲಿನ ಯಜಮಾನರು. ಅವರ ಅಂಗಿಯ ತೋಳು ಸುಟ್ಟು ಕರಕಲಾಗಿತ್ತು.

"ಪೆಟ್ರೋಲ್ ಜಾಸ್ತಿಯಾದ್ರೆ ಮೇಲಿಂದ ಸುರಿದುಬಿಡ್ತಾರಂತೆ," ಎಂದರು ಇನ್ನೊಬ್ಬರು.

"ಗಾಜಪ್ಪ, ನೀನು ಏಣಿ ಮೇಲಿದ್ಯಲ್ಲ, ಏನಾದ್ರೂ ಕಾಣಿಸ್ತಾ?"

"ಕೆಂಪಗೆ ಏನೋ ಇತ್ತು," ಎಂದ ಗಾಜಪ್ಪ.

"ಬಿತ್ತಾ?"

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಬಾಣಂತಿಯೊಬ್ಬಳು ಮಗುವನ್ನು ತಟ್ಟುವುದನ್ನು ಬಿಟ್ಟು ಕಾಯುತ್ತಿದ್ದಳು. "ಬಿದ್ದ ಹಾಗಿತ್ತು," ಎಂದ.

ಮರುದಿನ ಟಿ.ವಿ.ಯವರು ಬಂದು ಮೈಕು ಹಿಡಿದಾಗ ಆ "ಹಾಗಿತ್ತು" ಬಿದ್ದುಹೋಯಿತು. ಕೆಂಪು ಉಂಡೆ ರೆಕ್ಕೆಯ ಕೆಳಗಿನಿಂದ ಕಳಚಿಕೊಂಡು ಬೆಟ್ಟದ ಮೇಲೆ ಬಿದ್ದದ್ದನ್ನು ಅವನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಕಂಡಂತಾಯಿತು. ಜನ ಬೆನ್ನು ತಟ್ಟಿದರು. ಹೆಂಡತಿ ಮಾತ್ರ ಟಿ.ವಿ. ಆರಿಸಿ ಹೇಳಿದಳು: "ಮೊನ್ನೆ ಬಸ್ ಸ್ಟ್ಯಾಂಡಲ್ಲಿ ಎದುರಿಗೇ ನಿಂತಿದ್ದ ನನ್ನ ಗುರುತು ಸಿಗಲಿಲ್ಲ ನಿಮಗೆ. ಅಷ್ಟು ದೂರದ ಉಂಡೆ ಕಾಣಿಸಿಬಿಡ್ತಾ?"

"ನಿನಗೇನು ಗೊತ್ತು ಸುಮ್ನಿರು," ಎಂದ ಗಾಜಪ್ಪ.

ಅವನಿಗೆ ಇಷ್ಟೂ ಹೊತ್ತು ಹೊಳೆಯದೆ ಇದ್ದದ್ದು, ಅಥವಾ ಹೊಳೆದರೂ ಬದಿಗೆ ಸರಿಸಿದ್ದು, ಒಂದಿತ್ತು. ಅವನ ಅಂಗಡಿಯ ಎದುರಿಗೇ ಕ್ಷೌರದಂಗಡಿ. ಆ ಕ್ಷೌರಿಕ ಅವನ ಬಾಲ್ಯದ ಗೆಳೆಯ. ಕ್ಷೌರಿಕನ ಒಬ್ಬಳೇ ಮಗಳು ಅದೇ ವಾಯುನೆಲೆಯಲ್ಲಿ ಪೈಲಟ್. ಚಿಕ್ಕವಳಿದ್ದಾಗ ಗಾಜಪ್ಪನನ್ನು ಮಾಮ ಎಂದು ಕರೆಯುತ್ತ, ಅವನು ಕೊಯ್ದು ಎಸೆದ ಗಾಜಿನ ಚೂರುಗಳನ್ನು ಬಣ್ಣದ ಆಸೆಗೆ ಆರಿಸಿಕೊಂಡು ಹೋಗುತ್ತಿದ್ದವಳು.

ಆ ವಿಮಾನ ಹಾರಿಸಿದ್ದು ಅವಳೇ ಎಂಬ ಗುಸುಗುಸು ಊರಲ್ಲಿ ಹಬ್ಬಿ ಕ್ಷೌರದಂಗಡಿಯ ಬೆಂಚು ಖಾಲಿಯಾಯಿತು. ಗಡ್ಡ ಬಿಟ್ಟರೂ ಬಿಟ್ಟರು, ಜನ ಅತ್ತ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಯಾರೋ ಕ್ಷೌರಿಕನ ಅಡುಗೆಮನೆಯ ಕಿಟಕಿಗೆ ಕಲ್ಲು ಹೊಡೆದರು. ಗಾಜಪ್ಪ ಅಂಗಡಿಯ ಹಿಂಬಾಗಿಲಿನಿಂದ ಓಡಾಡಲು ಶುರುಮಾಡಿದ. ಕೂದಲು ಕಿವಿ ಮುಚ್ಚುವಷ್ಟು ಬೆಳೆದಾಗ ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಿ ಕತ್ತರಿಸಿಕೊಂಡು ಬಂದ.

ಕೊನೆಗೆ ಕ್ಷೌರಿಕನೇ ರಸ್ತೆ ದಾಟಿ ಬಂದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಗೊರಗಿಸಿದ್ದ ಗಾಜುಗಳ ಪಕ್ಕದಲ್ಲಿ ನಿಂತು, "ಊರವರದ್ದು ಹಾಗಿರ್ಲಿ ಕಣೋ. ನನಗೊಂದು ಹೇಳು. ನಿಜವಾಗ್ಲೂ ನೋಡಿದ್ಯಾ?" ಎಂದ.

ಗಾಜಪ್ಪನ ಬಾಯಿಗೆ 'ಇಲ್ಲ' ಬಂದಿತ್ತು. ಆದರೆ ಮಿಲ್ಲಿನ ಯಜಮಾನರು, ಟಿ.ವಿ.ಯವರು, ವಿಚಾರಣೆಗೆ ಬಂದು ಹೇಳಿಕೆ ಬರೆದುಕೊಂಡ ಅಧಿಕಾರಿ, ಎಲ್ಲರೂ ಆ ಪುಟ್ಟ ಅಂಗಡಿಯಲ್ಲಿ ಒತ್ತಿಕೊಂಡು ನಿಂತಿದ್ದಾರೆ ಅನ್ನಿಸಿತು.

"ನೋಡ್ದೆ ಕಣೋ," ಎಂದ.

ಕ್ಷೌರಿಕ ತಲೆಯಾಡಿಸಿದ. "ನೀನು ಹೇಳಿದ ಮೇಲೆ ಮುಗೀತು ಬಿಡು," ಎಂದು ಹೊರಟುಹೋದ.

ವಿಚಾರಣೆಯ ಫಲ ತಿಳಿಸಲು ಅದೇ ಸಭಾಂಗಣದಲ್ಲಿ ಸಭೆ ಸೇರಿತು. ಅಗ್ನಿಶಾಮಕ ದಳದ ಅಧಿಕಾರಿ ಹೆಂಗಸು, ಮೆಲುದನಿಯವರು. ಬೆಂಕಿ ಹುಟ್ಟಿದ್ದು ಬೆಟ್ಟದ ಮೇಲಲ್ಲ, ಆಚೆ ಮಗ್ಗುಲಿನ ರಸ್ತೆ ತಿರುವಿನ ಒಣಹುಲ್ಲಿನಲ್ಲಿ ಎಂದರು. ಯಾವ ದಾರಿಹೋಕರ ಬೀಡಿಯೋ, ಯಾವ ಲಾರಿಯ ಕಿಡಿಯೋ, ಹೇಳಲಾಗದು. ವಿಮಾನ ಬರುವ ಮೊದಲೇ ಅದು ಹೊತ್ತಿಕೊಂಡಿತ್ತು. ಹೊಗೆ ಕಂಡ ಪೈಲಟ್ ತಿರುಗಿ ಬಂದು, ಕೆಳಗೆ ಹಾರಿ, ಎಲ್ಲಿ, ಎಷ್ಟು ಎಂದು ನೋಡಿ ನೆಲಕ್ಕೆ ಸುದ್ದಿ ಕೊಟ್ಟಿದ್ದರು. "ಆ ಸುದ್ದಿ ಬರದಿದ್ರೆ ನಮ್ಮ ಗಾಡಿ ಹೊರಡೋದು ತಡವಾಗ್ತಿತ್ತು. ಈ ಶಾಲೆಯೂ ಉಳೀತಿರಲಿಲ್ಲ," ಎಂದರು. ಪೈಲಟ್ ಯಾರೆಂದೂ ಹೇಳಿದರು. ಕ್ಷೌರಿಕನ ಮಗಳು.

ಯಾರೂ ಗಾಜಪ್ಪನ ಕಡೆ ನೋಡಲಿಲ್ಲ. ಎಲ್ಲರೂ ನೆಲದಲ್ಲಿ ಏನೋ ಕಳೆದುಕೊಂಡವರಂತೆ ತಲೆ ತಗ್ಗಿಸಿದ್ದರು. ಎದ್ದು ನಿಲ್ಲಬೇಕು, ನಾನು ಏನೂ ನೋಡಿರಲಿಲ್ಲ ಎನ್ನಬೇಕು ಎಂದು ಗಾಜಪ್ಪನಿಗೆ ಅನ್ನಿಸಿತು. ಮೊಣಕಾಲಿನ ಮೇಲೆ ಕೈಯನ್ನೂ ಊರಿದ. ಮೈ ಏಳಲಿಲ್ಲ. ಹಿಂದಿನ ಸಾಲಿನಿಂದ ಕ್ಷೌರಿಕ ಎದ್ದು ಹೊರಗೆ ನಡೆದ.

ಆಮೇಲೊಂದು ದಿನ ಕ್ಷೌರಿಕನ ಹೆಂಡತಿ ಫೋನ್ ಮಾಡಿದಳು. "ಅಡುಗೆಮನೆ ಕಿಟಕಿಗೆ ರಟ್ಟು ಕಟ್ಕೊಂಡು ಕೂತಿದ್ದೀವಿ. ಬೇರೆ ಯಾರೂ ಇಲ್ಲ ಅಂತ ನಿಮ್ಮನ್ನ ಕರೀತಿದ್ದೀನಿ," ಎಂದಳು.

ಗಾಜಪ್ಪ ಹೋದ. ಮಗಳು ರಜೆಗೆ ಬಂದಿದ್ದಳು, ಒಲೆಯ ಹತ್ತಿರ ಕಾಫಿ ಸೋಸುತ್ತಿದ್ದಳು. ಅವನು ಚೂರುಗಳನ್ನು ಕಿತ್ತು, ಚೌಕಟ್ಟು ಒರೆಸಿ, ಹೊಸ ಗಾಜು ಕೂರಿಸಿದ. ಕೊನೆಯ ಮೊಳೆ ಹೊಡೆದವನು ತಿರುಗದೆಯೇ ಹೇಳಿದ: "ನಾನು ಏನೂ ನೋಡಿರಲಿಲ್ಲಮ್ಮ. ಗೋಡೆ ಕಡೆ ಮುಖ ಮಾಡಿ ಕಣ್ಣು ಮುಚ್ಕೊಂಡಿದ್ದೆ."

"ಅದನ್ನ ಅಪ್ಪನಿಗೆ ಹೇಳಿ," ಎಂದಳು ಅವಳು.

ಕ್ಷೌರಿಕ ಬಾಗಿಲಲ್ಲೇ ನಿಂತಿದ್ದ. ಗಾಜಪ್ಪ ಅವನಿಗೂ ಅದೇ ಮಾತು ಹೇಳಿದ.

"ನೀನು ಊರಿಗೆ ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ," ಎಂದ ಕ್ಷೌರಿಕ. "ಜನ ಕೇಳಿದ್ರು, ನೀನು ನಾಲ್ಕು ಸೇರಿಸಿ ಹೇಳಿದೆ. ನಾನೂ ಅಂಗಡೀಲಿ ಕೂತು ಎಷ್ಟು ಬುರುಡೆ ಬಿಟ್ಟಿಲ್ಲ! ಆದ್ರೆ ನಾನೇ ಬಂದು ಕೇಳಿದ್ನಲ್ಲೋ. ನಿನ್ನ ಮಾತು ನಂಬಿ ಇವಳಿಗೆ ಫೋನ್ ಮಾಡಿದೆ. ವಿಚಾರಣೆ ಮುಗಿಯೋ ತನಕ ಏನೂ ಹೇಳೋ ಹಾಗಿಲ್ಲಪ್ಪ ಅಂದ್ಳು. ತಪ್ಪು ಮಾಡಿದ್ರೆ ಒಪ್ಕೊಂಡ್ಬಿಡು, ಊರು ಹಾಳಾಗಿದೆ ಅಂದೆ. ನನ್ನ ಮಗಳಿಗೆ ನಾನು ಹಾಗಂದೆ."

ಮಗಳು ಸೋಸುತ್ತಿದ್ದ ಕಾಫಿಯ ಪಾತ್ರೆಯಿಂದ ಕಣ್ಣೆತ್ತಲಿಲ್ಲ. ಗಾಜಪ್ಪ ತನ್ನ ಸಾಮಾನು ಚೀಲಕ್ಕೆ ತುಂಬಿಕೊಂಡ.

ಅವತ್ತಿನಿಂದ ಅವನು ಎಲ್ಲೆಲ್ಲಿ ಆ ಕಥೆ ಹೇಳಿದ್ದನೋ ಅಲ್ಲಲ್ಲಿಗೆ ಹೋಗಿ ಸುಳ್ಳೆಂದು ಹೇಳಿ ಬಂದ. ಚಹಾ ಅಂಗಡಿಯಲ್ಲಿ ಜನ, "ಗೊತ್ತಾಯ್ತಲ್ಲ ಬಿಡಪ್ಪ, ಈಗ್ಯಾಕೆ?" ಎಂದು ಮಾತು ಬದಲಿಸಿದರು. ಮಿಲ್ಲಿನ ಯಜಮಾನರು, "ನಾವೆಲ್ಲ ಕೆಟ್ಟಿದ್ದು ನಿನ್ನಿಂದ," ಎಂದುಬಿಟ್ಟರು. ಎಲ್ಲರ ಪಾಲಿನ ತಪ್ಪೂ ಒಬ್ಬನ ತಲೆಗೇ ಬಂತು. ಗಾಜಪ್ಪ ಅದನ್ನೂ ಕೇಳಿಸಿಕೊಂಡು ಮುಂದಿನ ಬಾಗಿಲಿಗೆ ಹೋದ. ಕ್ಷೌರದಂಗಡಿಯ ಬೆಂಚು ಮತ್ತೆ ತುಂಬಿತು, ಏನೂ ಆಗಿಯೇ ಇಲ್ಲವೆಂಬಂತೆ ಜನ ಗಡ್ಡ ಒಡ್ಡಿ ಕೂತರು.

ಮಗಳು ಕೆಲಸಕ್ಕೆ ಮರಳುವ ದಿನ ಗಾಜಪ್ಪ ಬಸ್ ನಿಲ್ದಾಣದ ಹತ್ತಿರದ ಔಷಧಿ ಅಂಗಡಿಯಲ್ಲಿ ಒಡೆದ ಕಪಾಟಿನ ಬಾಗಿಲು ಅಳೆಯುತ್ತಿದ್ದ. ಅಪ್ಪ ಮಗಳು ಬಸ್ಸಿಗೆ ಕಾಯುತ್ತಿದ್ದರು. ನಡುವೆ ಅವಳ ಚೀಲ. ಬಸ್ಸು ಬಂದಾಗ ಅಪ್ಪ ಚೀಲಕ್ಕೆ ಕೈ ಹಾಕಿದ. "ಬೇಡ, ನಾನೇ ಎತ್ಕೋತೀನಿ," ಎಂದು ಅವಳೇ ಎತ್ತಿಕೊಂಡು ಹತ್ತಿದಳು. ಕಿಟಕಿಯ ಪಕ್ಕ ಕೂತು ಕೈ ಬೀಸಿದಳೋ ಇಲ್ಲವೋ ಗಾಜಪ್ಪನಿಗೆ ಕಾಣಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಕ್ಷೌರಿಕ ಅಲ್ಲೇ ನಿಂತಿದ್ದ. ಹೋಗಿ ಪಕ್ಕದಲ್ಲಿ ನಿಲ್ಲೋಣವೆಂದು ಗಾಜಪ್ಪ ಬಾಗಿಲ ತನಕ ಬಂದ. ಹೋಗಿ ಏನು ಹೇಳುವುದೆಂದು ತಿಳಿಯದೆ, ಒಳಗೆ ಬಂದು ಅಳೆದದ್ದನ್ನೇ ಮತ್ತೆ ಅಳೆಯತೊಡಗಿದ.