ಮೇಡಂ ಪಾಲಿನ ರೊಟ್ಟಿ

ನಾಗರತ್ನಾ ಡಿಗ್ರಿ ಕಾಲೇಜಿಗೆ ಸೇರಿದ ವರ್ಷ, ಜೋಗುಪಾಳ್ಯದ ಅವರ ಬಾಡಿಗೆ ಕೋಣೆಯಲ್ಲಿ ಬೆಳಗಾದರೆ ಒಂದೇ ಜಗಳ. ತಾಯಿ ಅಮೃತಮ್ಮ ಬಿಸಿ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ ತಟ್ಟೆಗೆ ಹಾಕುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿರುತ್ತಿದ್ದಳು. ಶಿವಾಜಿನಗರದ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಕಾಲೇಜಿನ ಎದುರಿನ ಬೇಕರಿಯಲ್ಲಿ ಎಗ್ ಪಫ್ ಖಾಲಿಯಾಗಿಬಿಡುತ್ತಿತ್ತು. ಮೊಟ್ಟೆಯ ವಿಷಯ ಮನೆಯಲ್ಲಿ ಎತ್ತುವಂತೆಯೂ ಇರಲಿಲ್ಲ.

ಒಂದು ದಿನ ಅಮೃತಮ್ಮ ಬಾಗಿಲಿಗೆ ಅಡ್ಡ ನಿಂತೇಬಿಟ್ಟಳು. ಮಗಳ ಬಾಯಿಂದ ಸುಳ್ಳೊಂದು ಉದುರಿತು.

"ನಮ್ಮ ಮಜೀದಾ ಮೇಡಂ ಹೇಳ್ಯಾರವ್ವಾ, ಮುಂಜಾನೆ ರೊಟ್ಟಿ ತಿಂದ್ರ ಕ್ಲಾಸಿನ್ಯಾಗ ನಿದ್ದಿ ಬರ್ತದಂತ."

ಅಮೃತಮ್ಮ ಕೂಡಲೇ ದಾರಿ ಬಿಟ್ಟಳು. ಇಷ್ಟು ಸುಲಭದ ಗೆಲುವು ನಾಗರತ್ನಾಳಿಗೆ ಅನುಮಾನ ತರಿಸಬೇಕಿತ್ತು.

ಮರುದಿನ, ಕೆಲಸದ ಮನೆಗೆ ಬೇಗ ಹೋಗಬೇಕೆಂದು ಹೊರಟಿದ್ದ ಅಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕಂಡಳು. ಪಫ್ ತಿಂದು ಬಾಯಿ ಒರೆಸಿಕೊಳ್ಳುತ್ತ ಬಂದ ನಾಗರತ್ನಾ ಬಾಗಿಲಲ್ಲೇ ಕಲ್ಲಾದಳು. ಒಳಗೆ ಮಜೀದಾ ಮೇಡಂ ಎದುರು ಡಬ್ಬಿ ತೆರೆದಿತ್ತು.

"ತಿನ್ರೀ ಮೇಡಂ. ನಿದ್ದಿ ಬರ್ತದೋ ಇಲ್ಲೋ ನೋಡೇಬಿಡೂಣು. ನೀವೇ ಅಂದೀರಂತಲ್ಲ?"

ಎಕನಾಮಿಕ್ಸ್ ಹೇಳಿಕೊಡುತ್ತಿದ್ದ ಮೇಡಂ, ರಿಚರ್ಡ್ಸ್ ಟೌನಿನಿಂದ ದಿನಾ ಬರೀ ಚಹಾ ಕುಡಿದು ಓಡಿಬರುವವರು. ಬಾಗಿಲಲ್ಲಿ ಬೆವರುತ್ತಿದ್ದ ಹುಡುಗಿಯನ್ನು ಒಮ್ಮೆ, ರೊಟ್ಟಿಯನ್ನು ಒಮ್ಮೆ ನೋಡಿದರು. ಎಲ್ಲ ಅರ್ಥವಾಯಿತು.

"ಹೌದಮ್ಮಾ, ನಾನೇ ಹೇಳಿದ್ದು. ಟೆಸ್ಟ್ ಮಾಡೇಬಿಡೋಣ" ಎಂದು ರೊಟ್ಟಿ ಮುರಿದರು.

ಅಮೃತಮ್ಮ ಕ್ಲಾಸಿಗೂ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಮೇಡಂ ಬೋರ್ಡು ತುಂಬ ಬರೆದರು, ಅಳಿಸಿದರು, ಮತ್ತೆ ಬರೆದರು. ಇಡೀ ಕ್ಲಾಸಿನಲ್ಲಿ ಬಾಯಿ ತೆರೆದು ಆಕಳಿಸಿದವಳು ನಾಗರತ್ನಾ ಒಬ್ಬಳೇ. ಹಿಂದಿನಿಂದ ಅಮ್ಮ ಗಂಟಲು ಸರಿಮಾಡಿಕೊಂಡದ್ದು ಎಲ್ಲರಿಗೂ ಕೇಳಿಸಿತು.

"ನಂಗಂತೂ ನಿದ್ದೆ ಬರ್ಲಿಲ್ಲ" ಎಂದು ಮೇಡಂ ತೀರ್ಪು ಕೊಟ್ಟರು. "ಆದ್ರೆ ಒಬ್ಬರ ಮೇಲೆ ಟೆಸ್ಟ್ ಮಾಡಿದ್ರೆ ಸಾಲಲ್ಲಮ್ಮಾ. ನಾಳೆಯಿಂದ ಇವಳೂ ನನ್ನೆದುರಿಗೇ ತಿನ್ಲಿ. ಡಬ್ಬಿ ಮಾತ್ರ ಸ್ವಲ್ಪ ದೊಡ್ಡದಿರ್ಲಿ."

ನಾಗರತ್ನಾ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. "ಮೇಡಂಗ ಖಾರ ಭಾಳ ಸೇರ್ತದವ್ವಾ" ಎಂದು ಮನೆಯಲ್ಲಿ ಅಮ್ಮನ ಕಿವಿ ಊದಿದಳು. ಮಾರನೆಯ ದಿನ ಡಬ್ಬಿಯ ಮೂಲೆಯಲ್ಲಿ ಕೆಂಪು ಚಟ್ನಿಯ ಗುಡ್ಡ. ಮೇಡಂ ಅದನ್ನು ಬೆರಳಿನಿಂದ ನೆಕ್ಕಿ "ಸಖತ್!" ಎಂದರು. ಅದೇ ಡಬ್ಬಿಯಲ್ಲಿ ತಿನ್ನಬೇಕಾಗಿದ್ದ ನಾಗರತ್ನಾಳ ಕಣ್ಣು ಮೂಗುಗಳಲ್ಲೆಲ್ಲ ನೀರು ಹರಿಯಿತು. ಮೇಡಂ ತಮ್ಮ ನೀರಿನ ಬಾಟಲಿ ಅವಳತ್ತ ತಳ್ಳಿ, "ಅಮ್ಮನಿಗೆ ಥ್ಯಾಂಕ್ಸ್ ಹೇಳು" ಎಂದರು.

ದಿನ ಕಳೆದಂತೆ ಗೆಳತಿ ಪರ್ವೀನ್ ಕೂಡ ರುಚಿ ನೋಡುವ ನೆಪದಲ್ಲಿ ಕೈಹಾಕತೊಡಗಿದಳು. ಮೇಡಂ, ಪರ್ವೀನ್ ಇಬ್ಬರ ಬೇಟೆಯ ನಡುವೆ ಡಬ್ಬಿಯ ಒಡತಿಗೇ ಅರ್ಧ ಹೊಟ್ಟೆ.

ಒಂದು ಸೋಮವಾರ ಮೇಡಂ ರಜೆ ಹಾಕಿದ್ದರು. ಪರ್ವೀನ್ ಕುಣಿಯುತ್ತ ಬಂದಳು.

"ಇವತ್ತು ಫ್ರೀಡಂ ಮಗಾ! ಪಫ್ ತಿನ್ನೋಣ ನಡಿ."

"ನೀನು ಹೋಗ್ತಿರು. ನಂಗೆ ಲೈಬ್ರರೀಲಿ ಸ್ವಲ್ಪ ಕೆಲಸ ಇದೆ" ಎಂದಳು ನಾಗರತ್ನಾ, ಬಹಳ ಗಂಭೀರವಾಗಿ.

ಪರ್ವೀನ್ ಗೇಟು ದಾಟುವವರೆಗೂ ಕಾದು, ಹಿಂದಿನ ಮೆಟ್ಟಿಲಿಗೆ ಹೋಗಿ, ಡಬ್ಬಿಯನ್ನು ತೊಡೆಯ ಮೇಲಿಟ್ಟು ಮುಚ್ಚಳ ತೆಗೆದಳು. ತನ್ನ ಪಾಲು ಮುಗಿಸಿದಳು. ಆಮೇಲೆ ಅತ್ತಿತ್ತ ನೋಡಿ, ಮೇಡಂ ಪಾಲಿಗೂ ಕೈಹಾಕಿದಳು.