ಮಾರಿಸ್ಸಿನ ಹೊಸ ಪೈಪು

ಶನಿವಾರ ಮಧ್ಯಾಹ್ನ ಜಗದಾಂಬಾ ಮಾರಿಸ್ ಕಾರಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದಳು. ಹೈಸ್ಕೂಲಿನ ಸೈನ್ಸ್ ಟೀಚರು ಅಪ್ಪನ ಹಳೇ ಪ್ಯಾಂಟು ತೊಟ್ಟು ಕಾರಿನಡಿ ಮಲಗುವುದನ್ನು ರಾಜಾಜಿನಗರದ ಆ ಬೀದಿ ಅದುವರೆಗೆ ಕಂಡಿರಲಿಲ್ಲ. ಎದುರುಮನೆಯ ಗಂಗಲಕ್ಷ್ಮಮ್ಮ ಮೂರು ಸಲ ಗೇಟಿನವರೆಗೆ ಬಂದು ನೋಡಿ ಹೋದರು.

ಅಪ್ಪ ಸಾಯುವ ಮೊದಲು ಮನೆಯನ್ನು ಮಗನ ಹೆಸರಿಗೂ ಕಾರನ್ನು ಮಗಳ ಹೆಸರಿಗೂ ಬರೆಸಿದ್ದರು. ಈಗ ಅಣ್ಣ ಏಕಾಂತಯ್ಯನಿಗೆ ಕಾರು ನಿಲ್ಲುವ ಷೆಡ್ಡಿನ ಜಾಗ ಬೇಕಿತ್ತು. ಅಲ್ಲೊಂದು ಪೋರ್ಷನ್ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ. ಅದು ಎಪ್ಪತ್ನಾಲ್ಕರ ಜನವರಿ. ಪೆಟ್ರೋಲ್ ಬೆಲೆ ಏರಿ ಅವನ ವಾದಕ್ಕೆ ಬಲ ಬಂದಿತ್ತು. ಸಾಲದ್ದಕ್ಕೆ, ದಸರಾ ಕಳೆದಾಗಿನಿಂದ ಕಾರು ನಾಲ್ಕು ಮೈಲಿ ಓಡಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ತಾನಾಗಿ ಮತ್ತೆ ಹೊರಡುತ್ತಿತ್ತು.

ಮೆಕ್ಯಾನಿಕ್ ಅಂಜಿನಯ್ಯ ಬಂದು, ಟ್ಯಾಂಕಿನಿಂದ ಪಂಪಿಗೆ ಪೆಟ್ರೋಲ್ ತರುವ ತಾಮ್ರದ ಪೈಪು ಸೀಳಿದೆ ಎಂದು ತೋರಿಸಿ, ಅದರ ಮೇಲೆ ಬಟ್ಟೆ ಸೋಪು ಮೆತ್ತಿ ಹೋಗಿದ್ದ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ನಿಜ. ಆದರೆ ಅದು ರಿಪೇರಿಯೂ ಅಲ್ಲ. ಜಗದಾಂಬಾ ಹೊಸ ಪೈಪು ತಂದಳು. ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಅದೇ ತಿರುವುಗಳಿಗೆ ಬಗ್ಗಿಸಿ, ಎರಡೂ ತುದಿಗಳ ನಟ್ಟು ಬಿಗಿದು, ಬೆರಳಾಡಿಸಿ ನೋಡಿದಳು. ಒಂದು ಹನಿಯೂ ಇರಲಿಲ್ಲ.

ಏಕಾಂತಯ್ಯ ಮೆಟ್ಟಿಲ ಮೇಲೆ ನಿಂತು, ಇದು ಯಾವ ಕ್ಲಾಸಿನ ಪಾಠ ಎಂದು ಕೇಳಿದ. ಫೇಲಾದವರಿಗೆ ಮಾಡುವ ಪಾಠ ಎಂದಳು. ಅವನು ನಗಲಿಲ್ಲ. ನಾಳೆ ಕೆಂಗೇರಿಗೆ ಹೋಗಿ ಬರೋಣ, ನಡುವೆ ಎಲ್ಲೂ ನಿಲ್ಲದಿದ್ದರೆ ಷೆಡ್ಡಿನ ಮಾತೆತ್ತುವುದಿಲ್ಲ, ನಿಂತರೆ ಗುಜರಿ ಚನ್ನವೀರಪ್ಪನಿಗೆ ಮಾರಲು ರುಜು ಹಾಕಬೇಕು ಎಂದ. ಅವಳು ಒಪ್ಪಿದಳು. ಪೈಪಿನ ಸೀಳನ್ನು ಕಣ್ಣಾರೆ ಕಂಡಿದ್ದಳಲ್ಲ.

ಭಾನುವಾರ ಬೆಳಿಗ್ಗೆ ಚನ್ನವೀರಪ್ಪ ಹಿಂದಿನ ಸೀಟಿನಲ್ಲಿ ಕೂತು ಬಾಗಿಲಿನ ತಗಡನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಏಕಾಂತಯ್ಯ ಮುಂದೆ ಕೂತಿದ್ದ. ಕಾರು ಮಾಗಡಿ ರಸ್ತೆ ದಾಟಿ ಮೈಸೂರು ರಸ್ತೆ ಹಿಡಿಯಿತು. ಬಾಪೂಜಿ ನಗರದ ಹತ್ತಿರ ಎರಡು ಸಲ ಕೆಮ್ಮಿ ನಿಂತಿತು.

"ಆಯ್ತಲ್ಲ," ಎಂದ ಏಕಾಂತಯ್ಯ. ಜೇಬಿನಿಂದ ಕಾಗದವನ್ನೂ ಪೆನ್ನನ್ನೂ ತೆಗೆದ.

ಅವಳು ಇಳಿದು ಬಾನೆಟ್ ಎತ್ತಿದಳು. ಟಿಕ್ ಟಿಕ್ ಎನ್ನಬೇಕಾದ ಪಂಪು ಸುಮ್ಮನಿತ್ತು. ಪೈಪು ಒಣಗಿತ್ತು, ನಟ್ಟುಗಳು ಬಿಗಿಯಾಗಿದ್ದವು. ಪಂಪು ಎಳೆಯಲು ಹೋಗಿ ಅರ್ಧಕ್ಕೇ ಸಿಕ್ಕಿಕೊಂಡಿದೆ, ಪೆಟ್ರೋಲ್ ಬರುತ್ತಿಲ್ಲ. ಹಾಗಾದರೆ ಹಿಂದಿನಿಂದ ಯಾರೋ ಹಿಡಿದುಕೊಂಡಿರಬೇಕು. ಅವಳು ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಮುಂದೆ ಪಂಪು ಟಿಕ್ಕೆನ್ನತೊಡಗಿತು.

ಮುಚ್ಚಳದ ಮೇಲೆ ವಿಭೂತಿಯ ಮೂರು ಪಟ್ಟೆಗಳಿದ್ದವು. ನಡುವೆ ಗಂಧ, ಅದರ ಮೇಲೆ ಕುಂಕುಮ, ಎಲ್ಲ ಒಣಗಿ ಸಿಮೆಂಟಿನಂತಾಗಿದ್ದವು. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಹೋಗಲೆಂದು ಇದ್ದ ಸಣ್ಣ ತೂತು ಅದರಡಿ ಮುಚ್ಚಿಹೋಗಿತ್ತು. ಆಯುಧಪೂಜೆಯ ದಿನ ಕಾರು ತೊಳೆದು, ಅದು ಗಾಡಿಯ ಬಾಯಿ ಎಂದು ಮುಚ್ಚಳಕ್ಕೆ ಧಾರಾಳವಾಗಿ ಬಳಿದವನು ಏಕಾಂತಯ್ಯನೇ. ಅವಳು ತಲೆಯಿಂದ ಹೇರ್‌ಪಿನ್ ತೆಗೆದು ಕೆರೆಯಲು ಶುರುಮಾಡಿದಳು.

"ಪೂಜೆ ಮಾಡಿದ್ದನ್ನ ಕೆರೀತೀಯಾ?"

"ಹೂಂ. ನೀನು ಬಾಯಿಗೆ ಪೂಜೆ ಮಾಡಿ ಮೂಗು ಮುಚ್ಚಿದ್ದೀಯ."

ಚನ್ನವೀರಪ್ಪ ಕೆಮ್ಮುವ ನೆಪದಲ್ಲಿ ನಕ್ಕ. ಏಕಾಂತಯ್ಯನ ಮುಖ ಕೆಂಪಾಯಿತು. ಕಾರಣ ಏನಾದರೂ ಇರಲಿ, ಗಾಡಿ ನಿಂತಿದ್ದು ನಿಜ, ಮಾತು ಮಾತೇ ಎಂದು ಕಾಗದವನ್ನು ಬಾನೆಟ್ಟಿನ ಮೇಲಿಟ್ಟ.

ಜಗದಾಂಬಾ ಪಿನ್ನನ್ನು ತೂತಿನಲ್ಲಿ ತೂರಿಸಿ ತೆಗೆದಳು. ಮುಚ್ಚಳವನ್ನು ಆಕಾಶಕ್ಕೆ ಹಿಡಿದಳು. ಆಚೆಯ ಬೆಳಕು ಕಂಡಿತು.

"ಮಾತು ಕೊಟ್ಟಿದ್ದೆ, ನಿಜ. ಮುರೀತಾ ಇದೀನಿ. ಷೆಡ್ಡು ನೀನಿಟ್ಕೋ, ಇವತ್ತೇ ಖಾಲಿ ಮಾಡ್ತೀನಿ. ರುಜು ಹಾಕಲ್ಲ."

"ಗಾಡೀನ ಎಲ್ಲಿ ನಿಲ್ಲಿಸ್ತೀಯ?"

"ರಸ್ತೇಲಿ."

"ಜನ ಏನಂತಾರೆ ಕಣೇ?"

"ನಿನ್ನೆ ನಾನು ಕಾರಿನಡಿ ಮಲಗಿದ್ದಾಗಲೇ ಅಂದಾಯ್ತು. ನಿನಗೆ ಕೇಳಿಸ್ಲಿಲ್ವಾ?"

ಅವನು ಕಾರಿಗೆ ಹತ್ತಲಿಲ್ಲ. ಕಾಗದ ಮಡಿಸಿಕೊಂಡು, ಸಿಟಿ ಬಸ್ಸು ಹಿಡಿಯಲು ರಸ್ತೆ ದಾಟಿದ. ಚನ್ನವೀರಪ್ಪ ತನಗೆ ಕೆಂಗೇರಿಯಲ್ಲಿ ಕೆಲಸವಿದೆ, ಬರಬಹುದೇ ಎಂದು ಕೇಳಿದ. ತಗಡು ತಟ್ಟಬಾರದು ಎಂದು ಹೇಳಿ ಹತ್ತಿಸಿಕೊಂಡಳು.

ಕೆಂಗೇರಿಯ ರೈಲ್ವೆ ಗೇಟು ಹಾಕಿತ್ತು. ಕ್ಯಾನು ಕಟ್ಟಿದ ಸೈಕಲ್ಲಿನ ಹಾಲಿನವನು ಕಿಟಕಿಗೆ ಬಗ್ಗಿ, ಗೂಡ್ಸ್ ಗಾಡಿ, ಹತ್ತು ನಿಮಿಷ ಆಗುತ್ತೆ, ಎಂಜಿನ್ ಆಫ್ ಮಾಡಿ ಅಕ್ಕಾ, ಪೆಟ್ರೋಲ್ ರೇಟು ಗೊತ್ತಲ್ಲ ಎಂದ.

ಗೊತ್ತು ಎಂದಳು. ಪಂಪಿನ ಟಿಕ್ ಟಿಕ್ ಕೇಳುತ್ತಾ ಕೂತಳು, ಆಫ್ ಮಾಡಲಿಲ್ಲ.