ಬಲಬದಿಯ ನೆಗ್ಗು

ಈ ಕಥೆಯನ್ನು ಮೊದಲು ಹೇಳಿದವಳು ಉತ್ತರದ ಕಡಲಿನ ಪುಟ್ಟ ದ್ವೀಪವೊಂದರ ಸ್ಕಾಲವೀಕ್ ಊರಿನ ಬಿಲ್ಲಾ. ಆ ದ್ವೀಪವನ್ನು ತೋರ್ಶವ್ನ್ ಪಟ್ಟಣಕ್ಕೆ ಜೋಡಿಸುವ ಕಡಲಡಿಯ ಸುರಂಗ ತೆರೆದ ಮರುವರ್ಷದ ಚಳಿಗಾಲದಲ್ಲಿ, ಹೆಂಗಸರ ಹೆಣಿಗೆ ಕೂಟದಲ್ಲಿ ಅವಳು ಹೇಳಿದಳು. ಕಥೆಯ ಬಿರಿಟಾ ಅವಳ ನಾದಿನಿ. ಅಂದು ಅದೇ ಕೋಣೆಯಲ್ಲಿ ಕುಳಿತು, ತಪ್ಪಿದಲ್ಲಿ ತಿದ್ದುತ್ತಿದ್ದಳು. ಆಮೇಲೆ ಬೇರೆಯವರ ಬಾಯಿಗೆ ಬಿದ್ದು ನೆಗ್ಗು ಬಾಗಿಲಿನಷ್ಟು ಬೆಳೆಯಿತು, ಸತ್ತವನ ಹೆಸರು ಬದಲಾಯಿತು. ಇಲ್ಲಿರುವುದು ಬಿಲ್ಲಾ ಹೇಳಿದ ಬಗೆ.

“ಇದೇನಿದು, ಬಿರಿಟಾ?” ಎಂದು ಹೆರ್ಲುಫ್ ಕೇಳಿದಾಗ ಅವಳು ಕೈಗವಸು ಕಳಚುತ್ತಿದ್ದಳು.

ಅದು ತೋರ್ಶವ್ನ್ ಪಟ್ಟಣದ ಕಾರು ಮಳಿಗೆಯ ಅಂಗಳ. ಹೆರ್ಲುಫ್ ಅದರ ಯಜಮಾನ. ಬಿರಿಟಾಳ ಹಳೆಯ ಕಾರಿನ ಗೇರು ರಿಪೇರಿಯಾಗುವವರೆಗೆ ಓಡಾಡಲೆಂದು ಅವನು ಒಂದು ಬಿಳಿಯ ಕಾರನ್ನು ಕೊಟ್ಟಿದ್ದ. ಬದಲಿ ಕೊಡುವುದಕ್ಕೆಂದೇ ಅವನು ಅಂಥ ನಾಲ್ಕು ಬಿಳಿಯ ಕಾರುಗಳನ್ನು ತರಿಸಿಟ್ಟಿದ್ದ. ಯಾವುದು ಯಾರ ಕೈಯಲ್ಲಿದೆ ಎಂದು ಬರೆದಿಟ್ಟುಕೊಳ್ಳುವ ರೂಢಿ ಅವನ ತಂದೆಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಬೀಗದ ಕೈ ಕೊಟ್ಟರೆ ಆಯಿತು, ಜನ ತಂದುಕೊಡುತ್ತಿದ್ದರು.

ಬಿರಿಟಾ ಕಾರಿನ ಬಲಬದಿಗೆ ಸುತ್ತಿ ಬಂದಳು. ಹಿಂದಿನ ಬಾಗಿಲು ಅಂಗೈಯಗಲ ಒಳಕ್ಕೆ ನೆಗ್ಗಿತ್ತು. ನೆಗ್ಗಿನ ಅಡ್ಡಕ್ಕೆ ಹಸಿರು ಬಣ್ಣದ ಗೀರು.

“ಇದು ನಾನು ಮಾಡಿದ್ದಲ್ಲ.”

“ಸರಿ, ಕಾರೇ ಹೋಗಿ ಎಲ್ಲೋ ಗುದ್ಕೊಂಡು ಬಂತು ಅನ್ನಿ.”

“ಹೆರ್ಲುಫ್, ಮೂವತ್ತು ವರ್ಷ ಶಾಲೆ ಬಸ್ಸು ಓಡಿಸ್ದೋಳು ನಾನು. ನಿನ್ನ ಹೆಂಡ್ತೀನ ಎಳೇ ಹುಡುಗಿಯಾಗಿದ್ದಾಗ ಕೂರಿಸ್ಕೊಂಡು ಹೋಗಿದ್ದೀನಿ. ಗುದ್ದಿದ್ರೆ ಗುದ್ದಿದೆ ಅಂತಿದ್ದೆ.”

“ಅದನ್ನೇ ಹೇಳಿ ಅಂತಿರೋದು. ದುಡ್ಡಿನ ಮಾತಲ್ಲ ಇದು, ವಿಮೆಯೋರು ನೋಡ್ಕೋತಾರೆ. ಎಲ್ಲಿ, ಹೇಗೆ ಅಂತ ಒಂದು ಮಾತು ಹೇಳಿದ್ರೆ ಸಾಕು. ಇಷ್ಟು ವರ್ಷದಲ್ಲಿ ಈ ಅಂಗಳದಲ್ಲಿ ನಿಂತು ಯಾರೂ ನನಗೆ ಸುಳ್ಳು ಹೇಳಿಲ್ಲ.”

ಆ ಕೊನೆಯ ಮಾತಿಗೆ ಬಿರಿಟಾಳ ಮುಖ ಕೆಂಪೇರಿತು. ಅವಳು ಏನನ್ನೂ ಒಪ್ಪಿಕೊಳ್ಳಲಿಲ್ಲ; ತನ್ನ ಹಳೆಯ ಕಾರು ಹತ್ತಿ, ಬಾಗಿಲನ್ನು ಜೋರಾಗಿ ಎಳೆದುಕೊಂಡು ಹೊರಟುಹೋದಳು.

ಸುರಂಗದೊಳಗೆ ಬರುತ್ತಿರುವಾಗ ಸಿಟ್ಟು ಇಳಿದು ಬೇರೊಂದು ಯೋಚನೆ ಹತ್ತಿತು. ಕಳೆದ ವಾರ ಮುದುಕ ಡಾನ್ಯಲನ ಮಣ್ಣು ಮುಗಿಸಿ, ಊರಿನ ಸಭಾಮನೆಯಲ್ಲಿ ಕಾಫಿ ಕುಡಿದು ಹೊರಬಂದು ಕೂತಾಗ ಸೀಟು ಎಷ್ಟು ಹಿಂದಿತ್ತೆಂದರೆ ಕಾಲು ಬ್ರೇಕಿಗೆ ಎಟುಕಿರಲಿಲ್ಲ. ತಾನೇ ಯಾವಾಗಲೋ ಸರಿಸಿರಬೇಕೆಂದು ಸುಮ್ಮನಾಗಿದ್ದಳು. ಅದೇ ಸಂಜೆ ಹೆಣಿಗೆಯ ಚೀಲ ಕಾಣಲಿಲ್ಲ. ಹಿಂದಿನ ಸೀಟಿನ ಮೇಲೆ ಇಟ್ಟದ್ದು ಚೆನ್ನಾಗಿ ನೆನಪಿತ್ತು. ಕಾರಿನಲ್ಲಿ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಈಗ ಈ ನೆಗ್ಗು. ಮನೆಯ ಅಂಗಳದಲ್ಲಿ ಅವಳು ಬಲಬದಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದುದರಿಂದ ಆ ಕಡೆ ಕಣ್ಣು ಹಾಯಿಸಿದ್ದೇ ಇಲ್ಲ.

ಬಿರಿಟಾಳ ತಾಯಿ ಕೊನೆಯ ವರ್ಷಗಳಲ್ಲಿ ಒಣಮೀನನ್ನು ಬಟ್ಟೆಯ ಕಪಾಟಿನಲ್ಲಿ ಮಡಿಸಿಡುತ್ತಿದ್ದಳು. ನೀನೇ ಇಟ್ಟದ್ದೆಂದು ಹೇಳಿದರೆ ಹೀಗೆಯೇ ಮುಖ ಕೆಂಪು ಮಾಡಿಕೊಂಡು, ನಾನಲ್ಲ, ನಾನಲ್ಲ ಎನ್ನುತ್ತಿದ್ದಳು.

ಮಗಳು ರನ್ವಾ ಭಾನುವಾರ ಬಂದಾಗ ಬಿರಿಟಾ ಎಲ್ಲವನ್ನೂ ಹೇಳಿದಳು. ರನ್ವಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ಅಮ್ಮ, ಡಾಕ್ಟರ್ ಹತ್ರ ಒಂದ್ಸಲ ಹೋಗಿ ಬರೋಣ್ವಾ?”

“ಅಜ್ಜಿ ಥರ ಆಗ್ತಿದ್ದೀನಿ ಅಂತೀಯಾ?”

“ನಾನು ಹಾಗನ್ಲಿಲ್ಲ.”

“ಅನ್ನು ಪರವಾಗಿಲ್ಲ. ನನಗೂ ಹಾಗೇ ಅನ್ನಿಸ್ತಿದೆ.”

ಅಲ್ಲಿಂದ ಮುಂದೆ ಕಾರು ಮನೆಯ ಪಕ್ಕದಲ್ಲಿ ನಿಂತೇ ಇತ್ತು. ಬಿಲ್ಲಾ ಕರೆದರೆ ಬಿರಿಟಾ ಗಾಳಿಯಲ್ಲಿ ತಲೆ ತಗ್ಗಿಸಿಕೊಂಡು ನಡೆದು ಬರುತ್ತಿದ್ದಳು. “ಯಾಕೆ, ಪೆಟ್ರೋಲ್ ಮುಗೀತಾ?” ಎಂದು ಬಿಲ್ಲಾ ಕೆಣಕಿದರೂ ನಗಲಿಲ್ಲ. ಒಲೆ ಆರಿಸಿದ್ದೇನೆಯೇ ಎಂದು ನೋಡಲು ನಡುದಾರಿಯಿಂದ ಹಿಂದಿರುಗುತ್ತಿದ್ದಳು. ಬೆಳಿಗ್ಗೆ ಎದ್ದು ಮೊಮ್ಮಕ್ಕಳ ಹೆಸರುಗಳನ್ನು ತನಗೆ ತಾನೇ ಒಪ್ಪಿಸಿಕೊಳ್ಳುತ್ತಿದ್ದಳು.

ಕಡೆಗೆ ಒಂದು ದಿನ ಅವಳು ಚಾಲನಾ ಪರವಾನಗಿಯನ್ನು ಪರ್ಸಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಮೊದಲು ಹೆರ್ಲುಫನ ಬಳಿ, ನಾನೇ ಗುದ್ದಿದೆ, ಎಲ್ಲಿ ಎಂಬುದು ನೆನಪಿಲ್ಲ ಎಂದು ಹೇಳುವುದು. ಆಮೇಲೆ ಪೊಲೀಸ್ ಠಾಣೆಗೆ ಹೋಗಿ ಪರವಾನಗಿಯನ್ನು ಒಪ್ಪಿಸುವುದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಎರಡು ವಾಕ್ಯಗಳನ್ನು ಜೋಡಿಸಿಕೊಂಡಳು. ಅವನ್ನೂ ಮರೆತುಬಿಟ್ಟೇನೆಂಬ ಹೆದರಿಕೆ ಅವಳಿಗಿತ್ತು.

ಮಳಿಗೆಯ ಅಂಗಳದಲ್ಲಿ ಗಲಾಟೆ ನಡೆದಿತ್ತು. ಅವಳ ದ್ವೀಪದ್ದೇ ಆದ ಸಾಂಡೂರ್ ಊರಿನ ಮೀನುಗಾರ ಮಾರ್ನರ್, ಆರಡಿ ಮೀರಿದ ಆಳು, ಒಂದು ಬಿಳಿಯ ಕಾರಿನ ಸುತ್ತ ಸುತ್ತುತ್ತಿದ್ದ. ಹೆರ್ಲುಫ್ ಅವನ ಹಿಂದೆ ಹಿಂದೆಯೇ ಸುತ್ತುತ್ತಿದ್ದ.

“ಗುದ್ದಿದ್ದೀನಿ ಅಂತ ಹೇಳ್ತಿದ್ದೀನಲ್ಲ ಮಾರಾಯ!”

“ಎಲ್ಲಿ, ತೋರ್ಸು! ಕೂದಲೆಳೆಯಷ್ಟು ಗೀರೂ ಇಲ್ಲ.”

“ನನ್ನ ಹಸಿರು ದೋಣಿಗೇ ಗುದ್ದಿದ್ದು ಕಣೋ! ದಡದ ಮೇಲೆ ಎಳೆದಿಟ್ಟಿದ್ದೆ, ರಿವರ್ಸ್ ತಗೊಳ್ಳೋವಾಗ ಧಡ್ ಅಂತು. ಬಲಗಡೆ ಹಿಂದಿನ ಬಾಗಿಲು. ಮಗೂಗೆ ಬೈಯೋ ಹಾಗೆ ನನ್ನ ಹೆಂಡ್ತಿ ಬೈದ್ಲು.”

“ಮತ್ತೆ ಈಗ ಎಲ್ಲಿ ಹೋಯ್ತು? ತಾನಾಗೇ ವಾಸಿಯಾಯ್ತಾ?”

“ನನ್ನ ಕೇಳಿದ್ರೆ? ನೋಡಿದ್ರೆ ಹೊಟ್ಟೆ ಉರಿಯುತ್ತೆ ಅಂತ ಆಮೇಲೆ ಆ ಕಡೆ ಹೋಗೇ ಇಲ್ಲ ನಾನು.”

“ಒಬ್ರು ನೆಗ್ಗಿರೋ ಕಾರು ತಂದು ನಾನಲ್ಲ ಅಂತಾರೆ. ನೀನು ಸರಿಯಾಗಿರೋ ಕಾರು ತಂದು ನಾನೇ ಅಂತೀಯ. ನನಗೇನು ಹುಚ್ಚು ಹಿಡಿಸ್ಬೇಕು ಅಂತ ಮಾಡಿದ್ದೀರಾ ಎಲ್ಲರೂ?”

ಬಿರಿಟಾ ಹತ್ತಿರ ಬಂದು ನಿಂತಿದ್ದಳು. ಅವಳು ಮಾರ್ನರನ ಮುಖ ನೋಡಲಿಲ್ಲ. ಕಾರಿನ ಕಿಟಕಿಗೆ ಎರಡೂ ಅಂಗೈ ಮರೆಮಾಡಿ ಒಳಗೆ ಇಣುಕಿದಳು. ಹಿಂದಿನ ಸೀಟಿನ ಕೆಳಗೆ ಅವಳ ಹೆಣಿಗೆಯ ಚೀಲ ಬಿದ್ದಿತ್ತು. ಅರ್ಧ ಹೆಣೆದ ಸ್ವೆಟರಿನ ಬೂದುಬಣ್ಣದ ತೋಳು, ಅದರಲ್ಲಿ ಸಿಕ್ಕಿಸಿದ ಕಡ್ಡಿಗಳು.

“ಆ ಚೀಲ ಯಾರದು?”

“ನಮ್ಮನೆಯವಳದು,” ಎಂದ ಮಾರ್ನರ್. “ಅವಳದ್ದೇ ಇರ್ಬೇಕು. ಅವಳೂ ಯಾವಾಗ್ಲೂ ಹೆಣೀತಾನೇ ಇರ್ತಾಳೆ.”

“ಮಾರ್ನರ್, ಡಾನ್ಯಲನ ಮಣ್ಣಿಗೆ ಬಂದಿದ್ಯಾ?”

“ಬರದೆ? ಅವನ ಜೊತೆ ಒಂದೇ ದೋಣೀಲಿ ಇದ್ದೋನು ನಾನು.”

“ಈ ಕಾರಲ್ಲಾ?”

“ಈ ಕಾರಲ್ಲೇ. ಸಭಾಮನೆ ಪಕ್ಕ ನಿಲ್ಲಿಸಿದ್ದೆ.”

“ಬೀಗದ ಕೈ?”

ಮಾರ್ನರನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಕಾರಲ್ಲಿ. ಮತ್ತೆಲ್ಲಿರುತ್ತೆ?”

ತೋರ್ಶವ್ನ್‌ನಲ್ಲಿ ಕೆಲವರು ಈಗೀಗ ಕಾರಿಗೆ ಬೀಗ ಹಾಕುವುದುಂಟು. ಆ ದ್ವೀಪದಲ್ಲಿ ಹಾಗೆ ಮಾಡಿದರೆ ನೆರೆಯವರಿಗೆ ಅವಮಾನ ಮಾಡಿದಂತೆ. ಅಂದು ಸಭಾಮನೆಯ ಮುಂದೆ ಊರಿನ ಅಷ್ಟೂ ಕಾರುಗಳು ಬೀಗದ ಕೈ ಸಮೇತ ನಿಂತಿದ್ದವು. ಅವುಗಳಲ್ಲಿ ಹೆರ್ಲುಫನ ಬಿಳಿಯವು ಎರಡು.

ಬಿರಿಟಾಳ ನಂತರ ಹೊಳೆದದ್ದು ಹೆರ್ಲುಫನಿಗೆ. ಅವನು ಟೋಪಿ ತೆಗೆದು ಕೈಯಲ್ಲಿ ತಿರುವತೊಡಗಿದ. ಮಾರ್ನರನಿಗೆ ಅರ್ಥವಾದಾಗ ಅಂಗಳದ ಕಡಲಹಕ್ಕಿಗಳು ಎದ್ದು ಹಾರುವಂತೆ ನಕ್ಕ.

“ಅದಕ್ಕೇ! ಮೊಣಕಾಲು ಗದ್ದಕ್ಕೆ ತಾಗ್ತಿತ್ತು ನನಗೆ! ದುಃಖಕ್ಕೆ ಮನುಷ್ಯ ಉದ್ದ ಆಗ್ತಾನೇನೋ ಅಂದ್ಕೊಂಡೆ!”

ಬಿರಿಟಾ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವರಿಗೆ ತಿಳಿಯಲಿಲ್ಲ; ಹೆರ್ಲುಫ್ ಒಳಗೋಡಿ ಕಾಫಿ ತಂದ.

“ತಪ್ಪಾಯ್ತು ಬಿರಿಟಾ. ಸುಳ್ಳು ಅನ್ನೋ ಮಾತು ಆಡಬಾರದಿತ್ತು.”

“ಸುಳ್ಳಿ ಅಂದಿದ್ರೆ ತಡ್ಕೋತಿದ್ದೆ ಕಣಪ್ಪ,” ಎಂದಳು ಬಿರಿಟಾ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು. “ನಾನೇ ನನ್ನ ನಂಬದ ಹಾಗೆ ಮಾಡ್ಬಿಟ್ಯಲ್ಲ.”

ಕಾಫಿ ಮುಗಿಯುವ ಮುನ್ನವೇ ಅವಳು ಮಗಳಿಗೆ ಫೋನು ಮಾಡಿದಳು. ಆ ಕಡೆಯಿಂದ ರನ್ವಾ, “ಅಮ್ಮ, ಅಮ್ಮ, ನಿಧಾನ ಹೇಳು,” ಎನ್ನುತ್ತಿದ್ದುದು ಅಂಗಳಕ್ಕೆಲ್ಲ ಕೇಳಿಸುತ್ತಿತ್ತಂತೆ.

ಬಿಲ್ಲಾ ಇಷ್ಟು ಹೇಳಿ ನಿಲ್ಲಿಸಿದಳು. “ಕಡಲಹಕ್ಕಿ ಹಾರಲಿಲ್ಲ,” ಎಂದು ಬಿರಿಟಾ ಆಕ್ಷೇಪಿಸಿದಳು. “ಹಾರಿದ್ರೆ ಏನೀಗ,” ಎಂದಳು ಬಿಲ್ಲಾ. ಹೆಂಗಸರು ನಗುತ್ತಾ ಎದ್ದರು. ಹೊಸ್ತಿಲ ಬಳಿ ಸಾಲಾಗಿ ಬಿಟ್ಟಿದ್ದ ಕಪ್ಪು ರಬ್ಬರ್ ಬೂಟುಗಳಲ್ಲಿ ಒಬ್ಬಳು ಕಾಲು ತೂರಿಸಿ, ತಡೆದು, ಹೊರತೆಗೆದು, ತನ್ನದೇ ಹೌದೋ ಎಂದು ಒಳಗೆ ಇಣುಕಿ ನೋಡಿದಳು.

ಹೊರಗೆ ಗಾಳಿ ಎದ್ದಿತ್ತು. ಬಿರಿಟಾ ಮುಂದಾಗಿ ಹೋಗಿ ತನ್ನ ಕಾರಿನ ದೀಪ ಹಾಕಿದಳು. ಮೇಲಿನ ಕೇರಿಯ ಮೂವರು ಕೋಟು ಒತ್ತಿ ಹಿಡಿದುಕೊಂಡು ಬಂದು, ಏನನ್ನೂ ಕೇಳದೆ ಬಾಗಿಲು ತೆರೆದು ಹತ್ತಿ ಕುಳಿತರು.